ಮರದಿಂದ ಇಳಿಸುವ ಕಣ್ಣಿನ ನರ್ಸ್

ತಬಿಟೆವೇಯಾ ದ್ವೀಪದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಕಣ್ಣಿನ ನರ್ಸ್ ರಕೇರಾ ಸೈಕಲ್ ನಿಲ್ಲಿಸಿ ಕಿವಿಗೊಡುತ್ತಾರೆ. ಅವರ ಕೆಲಸದ ಬಗ್ಗೆ ಬರೆಯಲು ಬಂದ ನಾನು ಹಿಂದೆಯೇ ಇದ್ದೇನೆ. ನೀರಾ ಇಳಿಸುವವರು ತೆಂಗಿನ ಮೇಲೆ ಕೂತು ಹಾಡುವುದು ಹೊಸತಲ್ಲ. ಆದರೆ ಈ ದನಿ ಬಾಕೋವಾನದು. ಅವನ ಎಡಗಣ್ಣು ಚಿಕ್ಕಂದಿನಲ್ಲೇ ಹೋಗಿದೆ. ಉಳಿದ ಬಲಗಣ್ಣಿನ ಪೊರೆ ತೆಗೆದು ಇನ್ನೂ ಎರಡು ದಿನ.

"ಇಳೀತೀಯೋ, ನಾನೇ ಹತ್ತಿ ಬರ್ಲೋ?"

"ನೀನು ಹತ್ತಿದ್ರೆ ಮರ ಉಳಿಯಲ್ಲ ಬಿಡಕ್ಕಾ!"

ಇಳಿದವನ ಕಣ್ಣು ಕೆಂಪಗಾಗಿದೆ. ಹೊಲಿಗೆಯಿಲ್ಲದ ಗಾಯ, ತಿಣುಕಿದರೆ ಬಾಯಿ ಬಿಡುತ್ತದೆ. ರಕೇರಾ ಟಾರ್ಚ್ ಹಿಡಿಯುವಾಗ ಅವನದು ತಕರಾರು ಬೇರೆ.

"ನಮ್ಮಣ್ಣಂಗೆ ಬ್ರಿಸ್ಬೇನಲ್ಲಿ ಲೇಸರಲ್ಲಿ ಮಾಡಿದ್ರು, ಏನೂ ಆಗ್ಲಿಲ್ಲ. ನೀವು ಕೈಯಲ್ಲಿ ಮಾಡಿದ್ರಿ, ಅದಕ್ಕೇ ಹಿಂಗೆ."

"ಅಲ್ಲಿ ಅವನಿಗೆ ಹತ್ತೋಕೆ ಮರ ಇತ್ತೇನಪ್ಪಾ?"

ನನಗೆ ನಗು, ರಕೇರಾ ಮಾತ್ರ ಟಾರ್ಚನ್ನು ಇನ್ನೂ ಹತ್ತಿರ ತಂದು ನೋಡುತ್ತಾರೆ. ಅದೃಷ್ಟ, ಗಾಯ ಕೂಡಿಕೊಂಡೇ ಇದೆ.

ರಕೇರಾ ಈ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷ. ಎಂಟು ವರ್ಷದಿಂದ ಲೆಕ್ಕ ಬರೆದಿಟ್ಟಿದ್ದಾರೆ: ಡಾಕ್ಟರು ಕೈಯಲ್ಲೇ ಮಾಡಿದ ಆರುನೂರ ಹನ್ನೊಂದು ಕಣ್ಣು, ಗಾಯ ಸೋರಿದ್ದು ಒಂಬತ್ತು. ಆ ಒಂಬತ್ತರಲ್ಲಿ ಏಳು ಜನ ಮರ ಹತ್ತಿದವರು.

"ಲೇಸರ್ ಬಂದ್ರೆ ಬರ್ಲಿ, ಬೇಡ ಅನ್ನಲ್ಲ. ಆಮೇಲಿನ ತೊಂದ್ರೆ ಎರಡ್ರಲ್ಲೂ ಹೆಚ್ಚುಕಮ್ಮಿ ಅಷ್ಟೇ ಅಂತಾರೆ ನಮ್ಮ ಡಾಕ್ಟ್ರು. ಮರದಿಂದ ಇಳಿಸೋ ಮಷೀನು ಬಂದ್ರೆ ಹೇಳಿ!" ಎಂದು ರಕೇರಾ ನನ್ನತ್ತ ತಿರುಗುತ್ತಾರೆ.

ಬೈದು ಪ್ರಯೋಜನವಿಲ್ಲವೆಂದು ಅವರಿಗೂ ಗೊತ್ತು. ಹೊಂಬಾಳೆಯ ತುದಿಯನ್ನು ಬೆಳಿಗ್ಗೆ, ಸಂಜೆ ತೆಳ್ಳಗೆ ಕೊಯ್ಯದಿದ್ದರೆ ನೀರಾ ನಿಂತೇ ಹೋಗುತ್ತದೆ. ಕರೆಯದೆ ಇನ್ನೊಬ್ಬರ ಮರ ಹತ್ತುವುದು ಮಹಾ ಅವಮಾನ. ಅದಕ್ಕೇ ರಕೇರಾ ಒಂದು ಕಟ್ಟಳೆ ತಂದಿದ್ದಾರೆ. ಆಪರೇಷನ್‌ಗೆ ಮೊದಲು ಊರ ಚಾವಡಿಯಲ್ಲಿ, ಹಿರಿಯರೆದುರು, ತನ್ನ ಬದಲು ಹತ್ತುವವನ ಹೆಸರನ್ನು ರೋಗಿಯೇ ಹೇಳಬೇಕು. ಬಾಕೋವಾ ಅಳಿಯ ತಾನಿಯೇರನ ಹೆಸರು ಹೇಳಿದ್ದ. ಎರಡೇ ದಿನಕ್ಕೆ ತಾಳ್ಮೆ ಕೆಟ್ಟು ತಾನೇ ಹತ್ತಿಬಿಟ್ಟ.

"ಅವನು ಕೊಯ್ಯೋದಲ್ಲಕ್ಕಾ, ಹೊಂಬಾಳೆನ ಕೊಲ್ತಾನೆ!"

"ಕೊಲ್ಲಲಿ. ಹೊಂಬಾಳೆ ಇನ್ನೊಂದು ಬರುತ್ತೆ. ಕಣ್ಣು ಬರುತ್ತಾ?"

ಆಪರೇಷನ್ ಆದ ಹನ್ನೆರಡನೆಯ ದಿನ ನಾವು ಮತ್ತೆ ಹೋಗುತ್ತೇವೆ. ಅಳಿಯ ಮೇಲಿದ್ದಾನೆ, ಮಾವ ಚಾಪೆಯ ಮೇಲೆ ಕೂತು ತಲೆಯೆತ್ತಿ ನೋಡುತ್ತಿದ್ದಾನೆ. ಕಣ್ಣು ತಿಳಿಯಾಗಿದೆ. ರಕೇರಾ ಚೀಲದಿಂದ ದೃಷ್ಟಿ ಅಳೆಯುವ ಅಕ್ಷರದ ಹಲಗೆ ತೆಗೆಯುವಷ್ಟರಲ್ಲಿ ಬಾಕೋವಾ ಗುಡುಗುತ್ತಾನೆ:

"ಏಯ್ ದಂಡಪಿಂಡ! ಬಲಗಡೆ ಹೊಂಬಾಳೆನ ಅಷ್ಟು ದಪ್ಪ ಕೊಯ್ದೆಯಲ್ಲೋ!"

ಮರ ನಲವತ್ತಡಿಗೆ ಕಮ್ಮಿಯಿಲ್ಲ. ರಕೇರಾ ಹಲಗೆಯನ್ನು ಹಾಗೇ ಚೀಲಕ್ಕೆ ಹಾಕಿಕೊಳ್ಳುತ್ತಾರೆ.

"ಊರಲ್ಲಿರೋ ಅಳಿಯಂದ್ರೆಲ್ಲಾ ಹಿಂಗೇ ಬೈಸ್ಕೊಳ್ಳೋ ಹಾಗಾಗ್ಲಿ. ನಂಗಷ್ಟು ಸಾಕು."