ಸೀಳಿಲ್ಲ, ಉಬ್ಬಿಲ್ಲ, ಬಿರುಕಿಲ್ಲ

ಮೆಂಡೋಟಾ ಊರಿನ ಎಲೋಡಿಯಾ ಬೆಳಗಿನಿಂದ ಫೋನಿನ ಪಾಠ ಉರುಹೊಡೆಯುತ್ತಿದ್ದಳು. ಮಗಳು ಯರೆಲಿ ಬೀನ್ಸು ಸವರಿದ ಟೊರ್ಟಿಯಾ ರೊಟ್ಟಿ ತಂದು ಮುಂದಿಟ್ಟರೆ, ಅದನ್ನು ಪಕ್ಕಕ್ಕೆ ಸರಿಸಿ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡಳು.

"ಅಮ್ಮಾ, ಒಂದ್ ತುತ್ತು ತಿನ್ನು. ಫೋನೇನು ಓಡಿಹೋಗಲ್ಲ."

"ಸುಮ್ನಿರೇ! ಮಧ್ಯದಲ್ಲಿ ಮಾತಾಡಿಸಿದ್ರೆ ಮತ್ತೆ ಮೊದಲಿಂದ ಶುರು ಮಾಡ್ಬೇಕು ನಾನು."

"ಅದಕ್ಕೇ ಎರಡು ಸಲ ಫೇಲಾಗಿದ್ದು. ಗಿಣಿ ಆಗ್ಬಿಟ್ಟಿದೀಯ."

ಮಾತು ಚುಚ್ಚಿತು. ಸುಳ್ಳಾಗಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲ.

ಶಾಲಾ ಬಸ್ಸಿನ ಚಾಲಕಿಯಾಗುವ ಪರೀಕ್ಷೆಗೆ ಬಸ್ಸು ಓಡಿಸಿದರಷ್ಟೇ ಸಾಲದು. ಮೊದಲು ಅದರ ಸುತ್ತ ನಡೆದು, ಒಂದೊಂದು ಭಾಗವನ್ನೂ ಮುಟ್ಟಿ, ಸರಿಯಿದೆಯೆಂದು ಇಂಗ್ಲಿಷಿನಲ್ಲಿ ಬಾಯಿಬಿಟ್ಟು ಹೇಳಬೇಕು. ಕರಬೂಜದ ಶೆಡ್ಡಿನಲ್ಲಿ ಪೆಟ್ಟಿಗೆ ತುಂಬಿ ತುಂಬಿ ಸೊಂಟ ಬಿದ್ದುಹೋದವಳಿಗೆ ಸಂಜೆಯ ಇಂಗ್ಲಿಷ್ ತರಗತಿಗೆ ಎಲ್ಲಿಯ ಪುರುಸೊತ್ತು? ಅಲ್ಲಿನ ಮೇಡಂ ಫೋನಿಗೆ ಪಾಠ ಹಾಕಿಕೊಟ್ಟು, "ಇನ್ಮೇಲೆ ನಿಮಗೆ ನೀವೇ ಟೀಚರ್" ಎಂದು ಬೆನ್ನು ತಟ್ಟಿ ಕಳಿಸಿದ್ದಳು. ಸ್ವಂತ ಕಲಿಕೆಯಂತೆ! ಮಾತೆಲ್ಲ ಫೋನಿನಲ್ಲಿ ಪಾಠ ಹೇಳುವ ಗಂಡಸಿನದು, ಬಾಯಿ ಮಾತ್ರ ಇವಳದು. "ಸೀಳಿಲ್ಲ, ಉಬ್ಬಿಲ್ಲ, ಬಿರುಕಿಲ್ಲ" ಎಂದು ಪಾತ್ರೆ ತೊಳೆಯುವಾಗಲೂ ಒದರುತ್ತಿದ್ದಳು. ಫೋನು ಹಸಿರು ಗುರುತು ತೋರಿಸಿ ಭೇಷ್ ಎನ್ನುತ್ತಿತ್ತು. ಪರೀಕ್ಷೆಯವರು ನಡುವೆ ಏನಾದರೂ ಕೇಳಿದರೋ, ಎಲ್ಲ ಕಲಸುಮೇಲೋಗರ.

ಇದು ಕೊನೆಯ ಅವಕಾಶ. ಈ ಸಲವೂ ಹೋದರೆ ತರಬೇತಿ ಮೊದಲಿನಿಂದ. ಅಷ್ಟರಲ್ಲಿ ಕೆಲಸ ಇನ್ಯಾರದೋ ಪಾಲು, ಇವಳಿಗೆ ಮತ್ತೆ ಅದೇ ಶೆಡ್ಡು.

ಪರೀಕ್ಷೆಯ ಅಂಗಳದಲ್ಲಿ ಎಲೋಡಿಯಾ ಫೋನನ್ನು ಮಗಳ ಕೈಗೆ ಕೊಟ್ಟು ಬಸ್ಸಿನ ಮುಂದೆ ಹೋಗಿ ನಿಂತಳು. ಪರೀಕ್ಷಕಿ ಮಿಸ್ ಹೋಲ್ಕಂಬ್ ಟ್ಯಾಬ್ಲೆಟ್ಟಿನಿಂದ ತಲೆಯೆತ್ತದೆ, "ಶುರು ಮಾಡಿ" ಎಂದಳು. ಫೋನಿಲ್ಲದಿದ್ದರೂ ಇವತ್ತು ಮಾತು ಸರಾಗವಾಗಿ ಬಂತು. ತಲೆಯೊಳಗೆ ಫೋನಿನ ಗಂಡಸು ಹೇಳುತ್ತಿದ್ದ, ಹೊರಗೆ ಇವಳು ಹೇಳುತ್ತಿದ್ದಳು. ದೀಪ ಆಯಿತು, ಕನ್ನಡಿ ಆಯಿತು. ಮುಂದಿನ ಟೈರಿನ ಮೇಲೆ ಅಂಗೈ ಆಡಿಸುತ್ತಾ, "ಸೀಳಿಲ್ಲ, ಉಬ್ಬಿಲ್ಲ" ಎಂದು ಬಾಗಿಲ ಕಡೆ ಸರಿದಳು. ಹೋಲ್ಕಂಬ್ ಟ್ಯಾಬ್ಲೆಟ್ಟಿನಲ್ಲಿ ಸರಿ ಗುರುತು ಒತ್ತಿದಳು.

ಬಾಯಿ ಇಲ್ಲವೆಂದದ್ದು ಕೈಗೆ ಸಿಕ್ಕಿತ್ತು. ನಿಂಬೆಹಣ್ಣಿನಷ್ಟು ಉಬ್ಬು.

ಎಲೋಡಿಯಾ ಬಾಗಿಲ ಹತ್ತಿರ ನಿಂತಳು. ಹೇಳಿದರೆ ಪರೀಕ್ಷೆ ಅಲ್ಲಿಗೇ ನಿಲ್ಲುತ್ತದೆ. ಅಯ್ಯೋ ದೇವರೇ, ಬಾಯಿ ಮುಚ್ಕೊಂಡು ಹೋಗು, ಆಕೆ ನೋಡಿಲ್ಲ. ಬಾಗಿಲು ತೆರೆದಿತ್ತು. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಇಳಿಸಿ ಬಂದ ಬಸ್ಸು ಅದು. ಮೆಟ್ಟಿಲ ಮೇಲೆ ಯಾವುದೋ ಮಗುವಿನ ಕೂದಲ ಕ್ಲಿಪ್ಪು ಬಿದ್ದಿತ್ತು. ಮಧ್ಯಾಹ್ನ ಮತ್ತೆ ಅವೇ ಮಕ್ಕಳು ಹತ್ತುತ್ತವೆ.

ಅವಳು ತಿರುಗಿ ಟೈರಿನ ಹತ್ತಿರ ಬಂದಳು. ಫೋನಿನ ಗಂಡಸು ಬಾಯಿ ಹೊಲಿದುಕೊಂಡಿದ್ದ. ಅವನ ಪಾಠದಲ್ಲಿ ಎಲ್ಲವೂ 'ಇಲ್ಲ'. 'ಇದೆ' ಎನ್ನುವ ಒಂದು ವಾಕ್ಯವೂ ಇರಲಿಲ್ಲ.

"ಮೇಡಂ," ಎಂದಳು ಇಂಗ್ಲಿಷಿನಲ್ಲಿ. "ನಾನು ಇಲ್ಲ ಹೇಳಿದೆ. ತಪ್ಪು. ಉಬ್ಬು ಇದೆ. ನೀವು ಕೈ ಇಡಿ."

ಹೋಲ್ಕಂಬ್ ಬಗ್ಗಿ ಮುಟ್ಟಿ ನೋಡಿದಳು. "ಇದು ಒಡೆದ್ರೆ ಏನಾಗತ್ತೆ?"

ನಡುವೆ ಕೇಳಿದ ಪ್ರಶ್ನೆ! ಎಲೋಡಿಯಾ ಸ್ಟೀರಿಂಗ್ ಹಿಡಿದಂತೆ ಕೈಯೆತ್ತಿ ಪಕ್ಕಕ್ಕೆ ತಿರುಗಿಸಿ ತೋರಿಸಿದಳು.

"ಬಸ್ಸು ಈ ಕಡೆ ಎಳೆಯತ್ತೆ. ನಾನು ಹಿಡಿಯೋಕೆ ಆಗಲ್ಲ. ಒಳಗೆ ಮಕ್ಕಳು."

"ಈ ಬಸ್ಸಲ್ಲಿ ಪರೀಕ್ಷೆ ಮಾಡೋಕಾಗಲ್ಲ, ಗೊತ್ತಲ್ಲ? ಇದನ್ನ ಫೇಲು ಅಂತ ಲೆಕ್ಕ ಹಿಡೀಬೇಕೋ ಬೇಡ್ವೋ, ಮೇಲಿನವರನ್ನ ಕೇಳಿ ತಿಳಿಸ್ತೀನಿ."

ಕಾರಿನಲ್ಲಿ ಕಾಯುತ್ತಿದ್ದ ಯರೆಲಿ ತಾಯಿಯ ಮುಖ ನೋಡಿಯೇ ಹೆದರಿದಳು. "ಏನಾಯ್ತು? ಪಾಸಾ?"

"ಗೊತ್ತಿಲ್ಲ ಕಣೇ." ಎಲೋಡಿಯಾ ಕಾರು ಹತ್ತಿ ಬಾಗಿಲೆಳೆದುಕೊಂಡಳು. ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಕಣ್ಣು ತುಂಬಿತ್ತು.

ಯರೆಲಿ ತಾಯಿಯ ಕಣ್ಣೊರೆಸಿದಳು. ಫೋನು ಚಾಚಿದಳು. "ತಗೋ, ಇನ್ನೊಂದ್ಸಲ ಕೇಳಿಸ್ಕೋ. ಸಮಾಧಾನ ಆಗತ್ತೆ."

"ಅದನ್ನ ಆ ಕಡೆ ಇಡು. ನೀನೇ ನನ್ನನ್ನ ಪ್ರಶ್ನೆ ಕೇಳು, ಇಂಗ್ಲಿಷಲ್ಲಿ," ಎಂದಳು ಎಲೋಡಿಯಾ, ಮೂಗು ಒರೆಸಿಕೊಳ್ಳುತ್ತಾ. "ಮಧ್ಯದಿಂದ ಕೇಳು."