ಶಟ್ಟೆಪ್ಪನ ಹಾಜರಿ

ನಮ್ಮ ಓಣಿಯ ಎ.ಸಿ. ಗುತ್ತಿಗೆದಾರ ಶಟ್ಟೆಪ್ಪನಿಗೆ ಲೈಸೆನ್ಸ್ ನವೀಕರಣದ ಆನ್‌ಲೈನ್ ತರಗತಿಯೆಂದರೆ ಮೈಯೆಲ್ಲ ಉರಿ. ಆದರೂ ಪಾಠದ ಹೊತ್ತಿಗೆ ಇಸ್ತ್ರಿಯ ಅಂಗಿ ತೊಟ್ಟು, ಚಪ್ಪಲಿಯನ್ನು ಅಂಗಡಿಯ ಹೊರಗೆ ಬಿಟ್ಟು, ಮೊಬೈಲಿನೆದುರು ನೆಟ್ಟಗೆ ಕೂರುತ್ತಾನೆ. ಉಗರಗೋಳದ ಲಾಡ್ಜಿನವರು ಎ.ಸಿ. ಕೆಟ್ಟಿದೆಯೆಂದು ಬಾಗಿಲಲ್ಲಿ ಬಂದು ನಿಂತರೂ ಶಾಲೆಯ ಹುಡುಗನಂತೆ ಕೂತಲ್ಲಿಂದ ಏಳುವುದಿಲ್ಲ: "ಸಾಲ್ಯಾಗ ಅದೇನಿ, ಆಮ್ಯಾಲೆ ಬರ್ರಿ!" ಪಾಠ ಹೇಳುವವರಿಗೂ ಬೈಗುಳ ತಪ್ಪಿದ್ದಲ್ಲ: "ಗ್ಯಾಸ್ ತುಂಬೂದು ನನಗ ಕಲಸ್ತೀರೇನ್ರಿ?" ನಡುನಡುವೆ ಪರದೆಯ ಮೇಲೆ 'ಶಟ್ಟೆಪ್ಪ, ಹಾಜರಿದ್ದೀರಾ?' ಎಂದು ಮೂಡುತ್ತದೆ. ಸುಮ್ಮನೆ ಗುಂಡಿ ಒತ್ತಿದರೆ ಸಾಕು, ಇವನು ಮಾತ್ರ ಓಣಿಯ ನಾಯಿಗಳೂ ಎದ್ದು ನಿಲ್ಲುವಂತೆ "ಹಾಜರ್ ಸರ್!" ಎಂದು ಕೂಗಿಯೇ ಒತ್ತುತ್ತಾನೆ. ಸವದತ್ತಿಯ ಉಳಿದ ಗುತ್ತಿಗೆದಾರರ ಹಾಜರಿಯನ್ನೆಲ್ಲ ಒತ್ತುವವನು ಕಂಪ್ಯೂಟರ್ ಅಂಗಡಿಯ ವಿಜಯ. "ಕಾಕಾ, ನೀವ್ಯಾಕ ಕುಂದರತೀರಿ? ನಿಮ್ಮದೂ ನಾನ ಒತ್ತತೇನಿ" ಎಂದು ಅವನು ಕೇಳಿದ ದಿನ ಶಟ್ಟೆಪ್ಪ ಸಿಡಿದೆದ್ದ: "ನಮ್ಮಪ್ಪನ್ನ ಸಾಲಿ ಒಳಗ ಬಿಡಲಿಲ್ಲೋ. ಕಿಡಕಿ ಹೊರಗ ನಿಂತು ಅಕ್ಷರ ಕಲತ. ಅವನ ಹೆಸರು ಯಾವ ಮಾಸ್ತರನೂ ಕೂಗಲಿಲ್ಲ. ಈಗ ನನ್ನ ಹೆಸರು ಕೂಗತಾರ. ನೀ ಯಾರಲೇ ಹಾಜರ್ ಅನ್ನಾಕ?"