ಮಣಿಬಾ ನೆಟಿಕೆ ಮುರಿದ ದಿನ

ದೃಷ್ಟಿ, ಮಾಟ, ಮಂತ್ರ ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುವವನು. ಈಗಲೂ ಹೋಗುತ್ತೇನೆ, ಮೊದಲಿನ ಹಾಗೆ ನಗುತ್ತಾ ಹೋಗುವುದಿಲ್ಲ ಅಷ್ಟೇ. ಅದಕ್ಕೆ ಕಾರಣ ಬರೋಡಾದಲ್ಲಿ ಕಳೆದ ಒಂದು ದಿನ. ನೀವು ನಂಬಲೇಬೇಕೆಂದೇನಿಲ್ಲ, ನನಗೇ ನಂಬಲು ಆಗಿಲ್ಲ.

ನನ್ನ ಎದೆ ಹುಟ್ಟಿನಿಂದಲೇ ಅವಸರದ್ದು. ಸುಮ್ಮನೆ ಕುರ್ಚಿಯಲ್ಲಿ ಕೂತಿದ್ದರೂ ನಾಡಿ ನಿಮಿಷಕ್ಕೆ ನೂರು ದಾಟುತ್ತಿತ್ತು. ಹುಬ್ಬಳ್ಳಿಯ ಡಾಕ್ಟರುಗಳು ಕೆಲವರದು ಹಾಗೇ ಎಂದು ಕೈಬಿಟ್ಟಿದ್ದರು. ಅರವತ್ತರ ದಶಕದಲ್ಲಿ ವಿಮಾ ಕಚೇರಿಯೊಂದರ ಹಂಗಾಮಿ ಗುಮಾಸ್ತನಾಗಿ ಬರೋಡಾಕ್ಕೆ ಬಂದೆ. ಕೆಲಸ ಕಾಯಂ ಆಗಲು ವೈದ್ಯಕೀಯ ಪರೀಕ್ಷೆ ಪಾಸಾಗಬೇಕಿತ್ತು. ಮೊದಲ ಸಲ ಡಾಕ್ಟರು ನನ್ನ ನಾಡಿ ಹಿಡಿದು ತಲೆಯಾಡಿಸಿ, ಇನ್ನೊಂದೇ ಅವಕಾಶ ಕೊಟ್ಟಿದ್ದರು. ಹೆಂಡತಿ ಸರೋಜ ತುಂಬಿದ ಬಸುರಿ. ಈ ಸಲವೂ ತಪ್ಪಿದರೆ ಗಂಟುಮೂಟೆ ಕಟ್ಟುವುದೇ!

ನಾವಿದ್ದದ್ದು ಹಳೇ ಊರಿನ ಇಕ್ಕಟ್ಟು ಓಣಿಯಲ್ಲಿ, ಮಣಿಬಾ ಎಂಬ ವೃದ್ಧೆಯ ಮನೆಯ ಮಹಡಿಯಲ್ಲಿ. ಪರೀಕ್ಷೆಯ ಬೆಳಿಗ್ಗೆ ಆಕೆ ನನಗೆ ಸಕ್ಕರೆ ಮೊಸರು ತಿನ್ನಿಸಿ, ಎರಡೂ ಕೈಗಳನ್ನು ನನ್ನ ತಲೆಯ ಸುತ್ತ ಇಳಿಸಿ, ತಮ್ಮ ಹಣೆಯ ಪಕ್ಕಕ್ಕೆ ಒತ್ತಿ ನೆಟಿಕೆ ಮುರಿದರು. ನಮ್ಮ ಕಡೆ ಅದು ದೃಷ್ಟಿ ತೆಗೆಯಲು. ಅಲ್ಲಿ ಹಿರಿಯ ಹೆಂಗಸರು ಮಕ್ಕಳ ಕಷ್ಟವನ್ನೇ ತಮ್ಮ ಮೇಲೆ ಎಳೆದುಕೊಳ್ಳುವ ಪದ್ಧತಿ.

"ದೀಕ್ರಾ, ನಿನ್ನ ಕಷ್ಟ ಇನ್ನು ನಂದು," ಅಂದರು ಗುಜರಾತಿಯಲ್ಲಿ. ದೀಕ್ರಾ ಅಂದರೆ ಮಗನೇ ಎಂದು, ಬಾ ಅಂದರೆ ಅಮ್ಮ.

"ತಗೊಳ್ಳಿ ಬಾ, ಪೂರ್ತಿ ತಗೊಳ್ಳಿ," ಎಂದು ನಕ್ಕು ಸೈಕಲ್ ಹತ್ತಿದೆ.

ಅಲ್ಕಾಪುರಿ ಬಡಾವಣೆಯ ದವಾಖಾನೆಯಲ್ಲಿ ಡಾಕ್ಟರು ಗಡಿಯಾರ ನೋಡುತ್ತಾ ನಾಡಿ ಎಣಿಸಿದರು. ನಂಬಿಕೆಯಾಗದೆ ಮತ್ತೆ ಎಣಿಸಿ, "ಬಿಲ್ಕುಲ್ ಠೀಕ್!" ಎಂದು ಸಹಿ ಹಾಕಿದರು. ಹೊರಗೆ ಬಂದು ಎದೆಯ ಮೇಲೆ ಕೈಯಿಟ್ಟುಕೊಂಡೆ. ಅಯ್ಯೋ ದೇವರೇ, ಗಡಿಯಾರ ನಿಂತ ಮನೆಯ ಹಾಗೆ ಅಲ್ಲಿ ಹಳೇ ಓಟದ ಸದ್ದೇ ಇಲ್ಲ! ಖುಷಿಪಡಬೇಕಾದವನು ಬೆವೆತುಹೋದೆ. ಸೈಕಲ್ಲನ್ನು ಎಷ್ಟು ಜೋರಾಗಿ ತುಳಿದರೂ ಎದೆಬಡಿತ ಏರಲಿಲ್ಲ.

ಸರೋಜ ಬಾಗಿಲಲ್ಲೇ ನಿಂತಿದ್ದಳು. "ಲಗೂ ಬರ್ರೀ! ನೀವು ಹೋದಾಗಿಂದ ಬಾ ಅವರ ಎದಿ ಹೊಡಕೊಳ್ಳಿಕ್ಕತ್ತದ, ಥೇಟ್ ನಿಮ್ಮಂಗ!"

ಮಣಿಬಾ ಉಯ್ಯಾಲೆಮಣೆಯ ಮೇಲೆ ಒರಗಿ ಏದುಸಿರು ಬಿಡುತ್ತಿದ್ದರು. ತುಟಿ ನೀಲಿಗಟ್ಟಿತ್ತು. ಕೈ ಹಿಡಿದೆ. ನಾಡಿಯ ಮೇಲೆ ಬೆರಳಿಟ್ಟೆ. ಆ ಓಟ ನನ್ನದು. ನಡುವೆ ಒಮ್ಮೆ ಎಡವಿ, ಮತ್ತೆ ಎದ್ದುಬಿದ್ದು ಓಡುತ್ತದಲ್ಲ, ಅದೂ ಸೇರಿ ನನ್ನದೇ.

ನಾನು ಯೋಚಿಸಲಿಲ್ಲ. ಆಕೆಯ ತಲೆಯ ಸುತ್ತ ಕೈ ಇಳಿಸಿ, ನನ್ನ ಹಣೆಗೊತ್ತಿ ನೆಟಿಕೆ ಮುರಿದು, "ನಂದು ನಂಗೆ ಕೊಡಿ ಬಾ!" ಎಂದು ಕೂಗಿದೆ. ಎದೆಯೊಳಗೆ ಯಾರೋ ಒದ್ದ ಹಾಗಾಯಿತು. ಹಳೇ ಓಟ ಶುರುವಾಯಿತು. ಆಕೆಯ ಉಸಿರು ನಿಧಾನಕ್ಕೆ ಇಳಿಯಿತು.

ಕಣ್ಣು ಬಿಟ್ಟವರೇ ಮಣಿಬಾ ನನ್ನನ್ನು ಬೈದರು: "ಹುಚ್ಚಾ! ಮಗು ಹುಟ್ಟೋವರೆಗಾದ್ರೂ ಇಟ್ಕೋತಿದ್ನಲ್ಲೋ!"

ಕಾಕತಾಳೀಯ ಅನ್ನುತ್ತಾರೆ ತಿಳಿದವರು. ಇರಬಹುದು, ನಾನು ವಾದಕ್ಕೆ ಹೋಗುವುದಿಲ್ಲ. ಕೆಲಸ ಕಾಯಂ ಆಯಿತು, ಮಗಳು ಹುಟ್ಟಿದಳು. ಎದೆ ಇಂದಿಗೂ ಓಡುತ್ತಲೇ ಇದೆ, ಅದಕ್ಕೆ ನನಗೆ ಹೆದರಿಕೆಯಿಲ್ಲ. ಎಂದಾದರೂ ಅದು ಶಾಂತವಾದ ಹಾಗೆ ಅನ್ನಿಸಿದರೆ ಮಾತ್ರ ಎದ್ದು ಹೋಗಿ, ಮನೆಯವರೆಲ್ಲರ ಕೈ ಹಿಡಿದು ನೋಡುತ್ತೇನೆ.